ಅತ್ತೆಯ ಅಳುವನ್ನು ಕೂಡಿಡುವ ನಯನ

ಬೆಳಗ್ಗೆ ಐದೂಕಾಲು. ಕೊತ್ತತ್ತಿಯ ನಾಲೆ ಏರಿಯ ಕೆಳಗೆ, ಕಬ್ಬಿನ ಗದ್ದೆಯ ಮೂಲೆಯ ಪಂಪ್ ಮನೆಯಲ್ಲಿ ಇಬ್ಬರು ಹೆಂಗಸರು ಕೂತಿದ್ದಾರೆ. ದನಿ ಮಾರ್ದನಿಸದಂತೆ ಗೋಡೆಗೆ ಹಳೆಯ ರಗ್ಗುಗಳು ತೂಗುತ್ತಿವೆ. ಗೊಬ್ಬರದ ಚೀಲದ ಮೇಲೆ ಲ್ಯಾಪ್‌ಟಾಪು, ಅದಕ್ಕೆ ವೈರಿನಲ್ಲಿ ಸೇರಿಸಿದ ನಲವತ್ತೊಂಬತ್ತು ಕೀಗಳ ಮಿಡಿ ಕೀಬೋರ್ಡು. ಮೂವತ್ತೈದರ ನಯನ ಒಂದು ಕೀ ಒತ್ತಿ, ಆ ಶ್ರುತಿಯನ್ನು ಇಯರ್‌ಫೋನಿನಲ್ಲಿ ಅತ್ತೆ ಅಂಕಮ್ಮನ ಕಿವಿಗೆ ಹಿಡಿಯುತ್ತಾರೆ. ಅರವತ್ತೆಂಟರ ಅಂಕಮ್ಮ ಕಣ್ಣು ಮುಚ್ಚಿ 'ಅಣ್ಣಾ' ಎಂದು ರಾಗ ಎಳೆದು ಅಳುತ್ತಾರೆ. ಯಾರೂ ಸತ್ತಿಲ್ಲ. ಆದರೂ ಬಾಗಿಲಲ್ಲಿ ನಿಂತ ನಾನು ಚಪ್ಪಲಿ ಕಳಚಿಡುತ್ತೇನೆ.

"ಇನ್ನೊಂದ್ಸಲ ಅನ್ನಿ ಅತ್ತೆ, ಕೊನೇಲಿ ಕಟ್ಕತು," ಎನ್ನುತ್ತಾರೆ ಸೊಸೆ.

"ಅಳೋರ ಗಂಟ್ಲು ಕಟ್ಕಳ್ದೆ ಇದ್ದದಾ? ಸರಿ, ಒತ್ತು," ಎನ್ನುತ್ತಾರೆ ಅತ್ತೆ.

ಅಂಕಮ್ಮನ ಗಂಟಲಲ್ಲಿ ಗಡ್ಡೆ. ಬರುವ ಸೋಮವಾರ ಮೈಸೂರಿನಲ್ಲಿ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ದನಿ ಇರುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದ್ದಾರೆ. ಅದನ್ನು ಕೇಳಿ ಬಂದ ದಿನ ಇವರ ಕೈಯಲ್ಲಿ ಉಳಿದದ್ದು ಒಂಬತ್ತು ಬೆಳಗು. ಇವತ್ತಿನದು ಏಳನೆಯದು. ರಾತ್ರಿಯೆಲ್ಲ ಮಾತಾಡದೆ ಉಳಿಸಿಕೊಂಡ ದನಿ ಮುಂಜಾನೆ ಒಂದೂವರೆ ಗಂಟೆ ಕಾಲ ಏಳುತ್ತದೆ, ಬಿಸಿಲು ಬೀಳುವಷ್ಟರಲ್ಲಿ ಒಡೆದುಹೋಗುತ್ತದೆ. ಆರೂಮುಕ್ಕಾಲಿಗೆ ತ್ರೀ ಫೇಸ್ ಕರೆಂಟು ಬಂದರೆ ಮೋಟಾರಿನ ಗದ್ದಲ ಬೇರೆ.

ಈ ಸೀಮೆಯಲ್ಲಿ ನೀವು ಯಾವುದಾದರೂ ತಿಥಿಯ ಊಟಕ್ಕೆ ಕೂತಿದ್ದರೆ ಇವರನ್ನು ಕೇಳಿಯೇ ಇರುತ್ತೀರಿ. ಶಾಮಿಯಾನದ ಸ್ಪೀಕರಿನಲ್ಲಿ ಮೆಲ್ಲಗೆ ತಮಟೆ, ಅದರ ಮೇಲೆ ಪಿಟೀಲಿನಂಥ ಎಳೆ, ನಡುವೆ ಸತ್ತವರ ಹೆಸರು ಹಿಡಿದು ಅಳುವ ಒಬ್ಬ ಹೆಂಗಸು. ನಾವು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ 'ಚೆನ್ನಾಗದೆ ಕಣ್ಲಾ' ಎಂದು ಎದ್ದು ಬರುತ್ತೇವೆ. ಮಾಡಿದವರು ಯಾರೆಂದು ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಪೇಟೆಯ ಸ್ಟುಡಿಯೋದವರು ಫೋಟೋ, ಹೆಸರು, ಊರು ಕಳಿಸುತ್ತಾರೆ. ನಯನ ಅತ್ತೆಯ ಅಳು ಸೇರಿಸಿ ತಿಂಗಳಿಗೆ ಹತ್ತು ಹನ್ನೆರಡು ಹಾಡು ಕಟ್ಟಿ ಕಳಿಸುತ್ತಾರೆ. ಸ್ಟುಡಿಯೋದ ಹೆಸರು ಮಾತ್ರ ಉಳಿಯುತ್ತದೆ.

ಕೀಬೋರ್ಡು ತಂದು ಆರು ವರ್ಷ. ಆರ್ಕೆಸ್ಟ್ರಾ ಮುಚ್ಚಿದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಗಂಡ ಚಲುವರಾಜು ಅವತ್ತೇ ಎಲ್ಲ ಕೀಗಳನ್ನೂ ಒತ್ತಿ ನೋಡಿದರಂತೆ. "ಇದ್ಯಾವ ಪೆಟ್ಗೆ ತಂದೆ ಕಣಮ್ಮಿ, ಉಸ್ರೇ ಇಲ್ಲ ಅಂದ್ರು," ಎಂದು ನಯನ ನೆನೆಯುತ್ತಾರೆ. "ಇದ್ಕೆ ಸ್ವಂತ ದನಿ ಇಲ್ಲ ಸಾ. ಕಂಪ್ಯೂಟ್ರಲ್ಲಿ ಏನ್ ಇಟ್ಟಿರ್ತೀವೋ ಅದನ್ನೇ ನುಡಿಸ್ತದೆ." ಫೋನಿನಲ್ಲಿ ವಿಡಿಯೋ ನೋಡಿ ಕಲಿತರು. ಮದ್ದೂರಿನ ನಾಟಕದ ಮೇಷ್ಟರೊಬ್ಬರು ಸ್ವರ ತಿದ್ದಿದರು.

ಕಲಿಯುವುದು ಸುಲಭವಾಯಿತು, ಅತ್ತೆಯನ್ನು ಅಳಿಸುವುದೇ ಕಷ್ಟವಾಯಿತು. ಬದುಕಿರುವವರ ಮನೆಯಲ್ಲಿ ಸಾವಿನ ಅಳು ಅಳಬಾರದು. ಮೊದಲ ಸಲ ನಡುಮನೆಯಲ್ಲಿ ಮೈಕ್ ಹಿಡಿದಾಗ ಬೀದಿಯವರು ಓಡಿಬಂದರು, ಏನೂ ಆಗಿಲ್ಲವೆಂದು ತಿಳಿದ ಮೇಲೆ ಬಾಯಿಗೆ ಬಂದಂತೆ ಬೈದರು. ಹಾಗಾಗಿ ಪಂಪ್ ಮನೆ. ಇಲ್ಲಿ ಅತ್ತು ಮುಗಿಸಿದ ಮೇಲೆ, ಸಾವಿನ ಮನೆಯಿಂದ ಬಂದವರ ಹಾಗೆ, ಅಂಕಮ್ಮ ತಲೆಗೆ ನೀರು ಹಾಕಿಕೊಂಡೇ ಹೊಸಿಲು ದಾಟುತ್ತಾರೆ. ತಣ್ಣೀರು ತಾಕಿಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ, ಬಿಸಿನೀರು ಕಾಯಿಸಿಟ್ಟರೆ ಅದು ಶಾಸ್ತ್ರಕ್ಕೆ ಆಗುವುದಿಲ್ಲ ಎಂದು ಇವರ ಹಟ. ನಿನ್ನೆಯವರೆಗೆ ಆರು ಬೆಳಗಿನಲ್ಲಿ ಆರು ಸಲ ತಣ್ಣೀರು. ಕೆಮ್ಮು ಜಾಸ್ತಿಯಾಗಿದೆ. ಇಂಥ ಹಟಕ್ಕೆ ನನಗೆ ಸಿಟ್ಟೇ ಬಂತು, ಸೊಸೆಗೆ ಬರುವುದಿಲ್ಲ. "ಸ್ನಾನ ಬುಡ್ಸಿದ್ರೆ ಅಳೋದೇ ಬುಡ್ತಾರೆ ಸಾ."

ನಯನ ಮಾಡುತ್ತಿರುವುದು ಇಷ್ಟೇ. ಅಪ್ಪಾ, ಅವ್ವಾ, ಅಣ್ಣಾ, ಅಕ್ಕಾ, ಎಲ್ಲಿಗೋದೆ, ಯಾರಿಗ್ ಬುಟ್ಟೋದೆ, ಹೀಗೆ ಅಳುವಿನ ಒಂದೊಂದು ಮಾತನ್ನೂ ಬೇರೆ ಬೇರೆ ಶ್ರುತಿಯಲ್ಲಿ ಹಿಡಿದು ಒಂದೊಂದು ಕೀಗೆ ಕೂರಿಸುತ್ತಾರೆ. ನಾಳೆ ಬೆರಳು ಒತ್ತಿದರೆ ಅತ್ತೆಯ ದನಿ ಬರಬೇಕು. ಇದುವರೆಗೆ ಮೂವತ್ತೊಂದು ಮಾತು ಕೂಡಿವೆ.

ಮೊದಲ ದಿನವೇ ಒಂದು ತಪ್ಪಾಯಿತು. ಅಳಬೇಕಾದ ಮಾತುಗಳ ಪಟ್ಟಿಯಲ್ಲಿ ನಯನ ಹತ್ತನೆಯದಾಗಿ 'ಮಗನೇ' ಎಂದು ಬರೆದಿದ್ದರು. ಅಂಕಮ್ಮ ಅದನ್ನು ಕೇಳಿ ಎದ್ದೇ ಹೋದರು. ಇರುವವನು ಒಬ್ಬನೇ ಮಗ, ಅದೂ ಹಗಲೂ ರಾತ್ರಿ ಟ್ರ್ಯಾಕ್ಟರಿನ ಮೇಲೆ. ಯಾವ ಸಾವಿನ ಮನೆಯಲ್ಲೂ ಅವರು ಆ ಮಾತು ಹಿಡಿದು ಅತ್ತವರಲ್ಲ. "ಅವ್ರು ಹೇಳೋಗಂಟ ನಂಗೆ ಒಳಿಲೇ ಇಲ್ಲ ಸಾ. ನನ್ ಗಂಡನ್ನೇ ಅಳಿ ಅಂತ ಬರ್ದ್ಕೊಟ್ಟಿದ್ದೆ," ಎನ್ನುವಾಗ ನಯನ ತಲೆ ಎತ್ತುವುದಿಲ್ಲ. ಆದರೆ ಬರುವ ಹತ್ತು ಆರ್ಡರಿನಲ್ಲಿ ಆರು ಎಳೆಯ ಗಂಡುಮಕ್ಕಳದ್ದು, ಬೈಕಿನಲ್ಲಿ ಹೋದವರದ್ದು. ಇದುವರೆಗೆ ಅಂಕಮ್ಮ ಸತ್ತವರ ಹೆಸರು ಹಿಡಿದೇ ಅಳುತ್ತಿದ್ದರು, ಇನ್ನು ಮುಂದೆ ಆ ಮಾತಿಲ್ಲದೆ ನಡೆಯುವುದಿಲ್ಲ.

ಮೊನ್ನೆ ಬಂಡೂರಿನಿಂದ ಮಲ್ಲಿಗಮ್ಮ ಎಂಬವರು ತಮ್ಮನ ಜೊತೆ ಬಂದಿದ್ದರು. ಹೋದ ವರ್ಷ ರಸ್ತೆಯಲ್ಲಿ ತೀರಿಕೊಂಡ ಮಗ ಸಂತೋಷನ ವರ್ಷದ ತಿಥಿ. ಫೋನಿನಲ್ಲಿ ಹೇಳಲಾಗದೆ ಖುದ್ದು ಬಂದಿದ್ದರು. ಅಂಕಮ್ಮ 'ಮಗನೇ' ಎನ್ನುವುದಿಲ್ಲ ಎಂದು ನಯನ ಹೆದರಿಕೊಂಡೇ ತಿಳಿಸಿದರು. ಮಲ್ಲಿಗಮ್ಮ ಅಂಕಮ್ಮನ ಕೈ ಹಿಡಿದುಕೊಂಡರು. "ನೀವ್ ಯಾಕವ್ವ ಅನ್ಬೇಕು. ನಿಮ್ಮ್ ಮಗ ನೂರ್ ಕಾಲ ಇರ್ಲಿ. ತತ್ತಾ ಇತ್ಲಾಗೆ, ನಾನಂತೀನಿ," ಎಂದು ಮೈಕ್ ಇಸಿದುಕೊಂಡರು.

ಆಕೆ ಹಾಡುವವರಲ್ಲ. ಒಂದೇ ಸಲ ಅಂದರು. ಒಂದು ಕೀಗೆ ಒಂದು ಮನೆ ಎನ್ನುತ್ತಾರೆ, ದನಿ ಶ್ರುತಿಗಿಂತ ಅರ್ಧ ಮನೆ ಕೆಳಗೆ ಬಿತ್ತು, ಕೊನೆಗೆ ಒಡೆಯಿತು. ಇಂಥದ್ದನ್ನು ಕಂಪ್ಯೂಟರು ಒಂದೇ ಒತ್ತಿಗೆ ಸರಿ ಮಾಡುತ್ತದೆ. ನಯನ ಮಾಡಿಲ್ಲ. "ಅದ್ನ ಸರಿ ಮಾಡಕ್ಕೆ ನಾನ್ಯಾರು ಸಾ? ಹಾಡನ್ನೇ ಅರ್ಧ ಮನೆ ಇಳಿಸ್ತೀನಿ," ಎನ್ನುತ್ತಾರೆ.

ಕರೆಂಟು ಬರುತ್ತದೆ, ಮೋಟಾರು ಗುಡುಗುತ್ತದೆ, ಇವತ್ತಿನ ಕೆಲಸ ಮುಗಿಯುತ್ತದೆ. ಅಂಕಮ್ಮ ಚೊಂಬು ಹಿಡಿದು ನಾಲೆಯ ಮೆಟ್ಟಿಲಿಗೆ ಇಳಿಯುತ್ತಾರೆ. ಕೇಳಬಾರದ್ದನ್ನು ನಾನು ಕೇಳಿಬಿಡುತ್ತೇನೆ: ಮುಂದೊಂದು ದಿನ ನಿಮ್ಮ ಮನೆಗೇ ಸಾವಿನ ಹಾಡು ಬೇಕಾಗಿ ಬಂದರೆ ಇಷ್ಟರಲ್ಲಿ ಯಾವ ಕೀ ಒತ್ತುತ್ತೀರಿ?

ನಯನ ವೈರು ಸುತ್ತುವುದನ್ನು ನಿಲ್ಲಿಸುತ್ತಾರೆ.

"ಅವತ್ತು ಕಂಪ್ಯೂಟ್ರು ಆನ್ ಮಾಡಕ್ಕಿಲ್ಲ ಸಾ. ನಾನೇ ಬಾಯ್ ಬುಟ್ಟು ಅಳ್ತೀನಿ. ಎಂಗ್ ಅಳ್ಬೇಕು ಅಂತ ಅತ್ತೇನೇ ಕಲ್ಸವ್ರೆ."