ವಿಭೂತಿ ಅಂಗಡಿಗೆ ಬಂದ ಪೇಪರ್ ಮೇಡಂ

ಪೇಪರ್ ಮೇಡಂ ಅವರ ಪಾದಗಳ ಮೇಲೆ ಹವಾಯಿ ಚಪ್ಪಲಿಯ ಪಟ್ಟಿ ಮುಚ್ಚಿದಷ್ಟು ಜಾಗ ಮಾತ್ರ ಬೆಳ್ಳಗಿತ್ತು. ಉಳಿದದ್ದೆಲ್ಲ ಬಿಸಿಲಿಗೆ ಕಪ್ಪಾಗಿ, ಹಿಮ್ಮಡಿ ಒಡೆದು ಹೋಗಿತ್ತು. ಮೇಲೆ ಒಳ್ಳೆಯ ಮೈಸೂರು ಸಿಲ್ಕ್ ಸೀರೆ, ಕೆಳಗೆ ಸವೆದ ನೀಲಿ ಚಪ್ಪಲಿ. ನಮ್ಮಮ್ಮ ಇದನ್ನು ನೋಡಿ ನೋಡಿ ಸಾಕಾಗಿ ಒಂದು ದಿನ ಕೇಳಿಯೇಬಿಟ್ಟಳು. “ದೇವಸ್ಥಾನದಲ್ಲೂ ಹೊರಗೆ ಬಿಡ್ಬೇಕು, ಲ್ಯಾಬಲ್ಲೂ ಹೊರಗೆ ಬಿಡ್ಬೇಕು ಕಣ್ರೀ. ನನ್ನ ಕೆಲಸ ಇರೋದೇ ಆ ಎರಡು ಕಡೆ. ಇದಾದ್ರೆ ಕಳೆದೋದ್ರೂ ಹೊಟ್ಟೆ ಉರಿಯಲ್ಲ,” ಅಂದರು ಮೇಡಂ. ಎಷ್ಟೋ ಸಲ ಅವರು ಬೇರೆ ಯಾರದ್ದೋ ಚಪ್ಪಲಿ ಮೆಟ್ಟಿಕೊಂಡು ಬಂದದ್ದೂ ಉಂಟು.

ಅವರು ಮೈಸೂರಿನ ಪತ್ರಿಕೆಯೊಂದರಲ್ಲಿ ಪ್ರತಿ ಭಾನುವಾರ ವಿಜ್ಞಾನ ಮತ್ತು ಧರ್ಮದ ಬಗ್ಗೆ ಬರೆಯುತ್ತಿದ್ದರು. ಈ ಜೋಡಿ ಅವರು ಆರಿಸಿಕೊಂಡದ್ದಲ್ಲ. ಹಳ್ಳಿಯ ಒಕ್ಕಲು ಮನೆಯ ಹುಡುಗಿ, ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದಾಗ ರಾಜಕೀಯ, ಅಪರಾಧ, ಕ್ರೀಡೆ ಎಲ್ಲವನ್ನೂ ಗಂಡಸರು ಹಂಚಿಕೊಂಡಾಗಿತ್ತು. ಯಾರಿಗೂ ಬೇಡವಾಗಿ ಉಳಿದದ್ದು ಮಠ-ಮಂದಿರಗಳ ಪ್ರವಚನದ ವರದಿ ಮತ್ತು ವಿಶ್ವವಿದ್ಯಾಲಯದ ವಿಜ್ಞಾನ ಉಪನ್ಯಾಸದ ವರದಿ. ಎರಡನ್ನೂ ಈಕೆಯ ತಲೆಗೆ ಕಟ್ಟಿದರು. ಎರಡೂ ಸಂಜೆ ಹೊತ್ತಿಗೇ ಇರುತ್ತಿದ್ದವಂತೆ. ಆಟೋ ಹಿಡಿದು ಒಂದರಿಂದ ಇನ್ನೊಂದಕ್ಕೆ ಓಡುತ್ತಾ ಓಡುತ್ತಾ ಅವರಿಗೆ ಒಂದು ವಿಷಯ ಹೊಳೆಯಿತು. ಎರಡೂ ಕಡೆ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವವರು ಬಹುಪಾಲು ಅದೇ ಜನ! ಅಲ್ಲಿಂದ ಶುರುವಾಯಿತು ಅವರ ಬರವಣಿಗೆ.

ಸ್ವಾಮೀಜಿ ಸಿಗಲಿ, ವಿಜ್ಞಾನಿ ಸಿಗಲಿ, ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ. “ನಿಮಗೆ ಹೇಗೆ ಗೊತ್ತು? ನೋಡಿದ್ರಾ, ಕೇಳಿದ್ರಾ?” ಇದರಿಂದ ಎರಡೂ ಕಡೆಯವರ ಕೈಯಲ್ಲಿ ಬೈಸಿಕೊಂಡರು. ನಾಸ್ತಿಕಳು ಎಂದು ಭಕ್ತರು, ಗೊಡ್ಡು ಸಂಪ್ರದಾಯದವಳು ಎಂದು ವಿಚಾರವಾದಿಗಳು. ಸೋಮವಾರ ಅವರನ್ನು ಈಶ್ವರನ ಗುಡಿಯಲ್ಲಿ ಕಂಡ ಓದುಗರೊಬ್ಬರು ಜಗಳಕ್ಕೇ ಬಂದಿದ್ದರು. “ಹೌದು ಸ್ವಾಮಿ, ಬರ್ತೀನಿ. ನಿಮಗೇನ್ ಕೆಲಸ ಇಲ್ಲಿ?” ಎಂದು ಮೇಡಂ ಕೇಳಿದ ಮೇಲೆ ಆತ ಪ್ರಸಾದ ತೆಗೆದುಕೊಂಡು ಹೊರಟುಹೋದರಂತೆ. ಅವರಿಗೆ ತುಂಬ ಪ್ರಿಯವಾಗಿದ್ದ ಲೇಖನ ಲ್ಯಾಬೊಂದರ ಆಯುಧಪೂಜೆಯದು. ಅಲ್ಲಿನ ವಿಜ್ಞಾನಿ ಸೂಕ್ಷ್ಮದರ್ಶಕಕ್ಕೆ ಕುಂಕುಮ ಹಚ್ಚುವ ಮೊದಲು ಮಸೂರಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿದ್ದರು. “ಭಕ್ತಿನೂ ಇತ್ತು, ಕವರೂ ಇತ್ತು. ನಮ್ಮೂರು ಅಂದ್ರೆ ಇದೇ ಕಣಮ್ಮ,” ಎಂದು ನನ್ನ ಬೆನ್ನಿಗೆ ಗುದ್ದಿ ನಕ್ಕಿದ್ದರು.

ಅವರದು ಇನ್ನೊಂದು ವಿಚಿತ್ರ ಪದ್ಧತಿ. ಯಾರ ಬಗ್ಗೆ ಬರೆದಿದ್ದಾರೋ ಅವರ ಎದುರಿಗೇ ಕೂತು, ಅಚ್ಚಿಗೆ ಹೋಗುವ ಮುಂಚೆ ಇಡೀ ಲೇಖನ ಓದಿಬಿಡುವುದು. ಪತ್ರಕರ್ತರಾರೂ ಹೀಗೆ ಮಾಡುವುದಿಲ್ಲ. ಕಚೇರಿಯಲ್ಲಿ ಎಷ್ಟು ರೇಗಿದರೂ ಇವರು ಬಿಡಲಿಲ್ಲ. “ಬೆನ್ನ ಹಿಂದೆ ಬರೆದು ಭಾನುವಾರ ಮುಖಕ್ಕೆ ಎಸೆಯೋಕೆ ನನಗಾಗಲ್ಲ. ಬೈಯೋದಾದ್ರೆ ಎದುರಿಗೇ ಬೈಲಿ,” ಅನ್ನುತ್ತಿದ್ದರು. ಅವರಿಗೋ ಮೆಲ್ಲಗೆ ಮಾತಾಡಿ ಅಭ್ಯಾಸವೇ ಇಲ್ಲ. ಓದಲು ಕೂತರೆ ಬೀದಿಗೆಲ್ಲ ಕೇಳಿಸುತ್ತಿತ್ತು.

ಅಂಥದ್ದೊಂದು ಮಧ್ಯಾಹ್ನ ಅವರು ದೇವರಾಜ ಮೊಹಲ್ಲಾದ ನಮ್ಮ ಅಂಗಡಿಗೆ ಬಂದರು. ನಮ್ಮದು ತಾತನ ಕಾಲದಿಂದ ವಿಭೂತಿ, ಊದುಬತ್ತಿ, ಕರ್ಪೂರದ ವ್ಯಾಪಾರ. ಮಠದ ಶಿಷ್ಯರ ಮನೆಗಳಿಗೆಲ್ಲ ವಿಭೂತಿ ಗಟ್ಟಿ ಹೋಗುತ್ತಿದ್ದದ್ದು ನಮ್ಮಲ್ಲಿಂದಲೇ. ತಾತ ಸಗಣಿ ಸುಟ್ಟು ತಾವೇ ಮಾಡುತ್ತಿದ್ದರು. ಅಪ್ಪನ ಕಾಲಕ್ಕೆ ಅದೆಲ್ಲ ನಿಂತು, ಹೊರಗಿನಿಂದ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಮೇಡಂ ವರ್ಷಗಳಿಂದ ಬಂದು ಹೋಗುತ್ತಿದ್ದವರು, ಅಪ್ಪನ ಜೊತೆ ಹರಟುತ್ತಿದ್ದವರು. ನಾನಾಗ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಅಂಗಡಿಯಲ್ಲಿ ಕೂರುತ್ತಿದ್ದೆ. ಆ ದಿನ ಅವರು ಹರಟಲಿಲ್ಲ. “ಯಜಮಾನ್ರೇ, ಭಾನುವಾರ ಇದು ಬರುತ್ತೆ. ಮೊದಲು ನೀವು ಕೇಳ್ಬೇಕು,” ಎಂದು ಹಾಳೆ ತೆಗೆದರು.

ವಿಭೂತಿ ಹಚ್ಚಿದರೆ ಹಣೆಯಲ್ಲಿ ಕೆರೆತ ಬರುತ್ತದೆಂದು ಓದುಗರು ದೂರಿದ ಮೇಲೆ, ಅವರು ಊರಿನ ಬೇರೆಬೇರೆ ಅಂಗಡಿಗಳಿಂದ ವಿಭೂತಿ ಕೊಂಡು ಕಾಲೇಜಿನ ಮೇಷ್ಟ್ರೊಬ್ಬರಿಂದ ಪರೀಕ್ಷೆ ಮಾಡಿಸಿದ್ದರು. ಕೆಲವು ಗಟ್ಟಿಗಳಲ್ಲಿ ಬೂದಿಯೇ ಇರಲಿಲ್ಲ. ಬರೀ ಸೀಮೆಸುಣ್ಣದ ಪುಡಿ, ಮೇಲಿಷ್ಟು ಸುವಾಸನೆ. ಅದರಲ್ಲಿ ‘ದೇವರಾಜ ಮೊಹಲ್ಲಾದ ಹಳೆಯ ಅಂಗಡಿ’ಯದೂ ಒಂದು. ಓದಿ ಮುಗಿಯುವಷ್ಟರಲ್ಲಿ ಅಪ್ಪನ ಮುಖ ಬಿಳಿಚಿಕೊಂಡಿತ್ತು.

“ಆ ಸಾಲು ತೆಗೆದ್ಬುಡಿ ಮೇಡಮ್ಮ.”

“ತೆಗೆದ್ರೆ ಮಿಕ್ಕ ಅಂಗಡಿಯೋರಿಗೆ ನಾನೇನು ಹೇಳ್ಲಿ?”

ಅಪ್ಪ, ಮೇಡಂ ಊರಿಗೆಲ್ಲ ಹಾಕುತ್ತಿದ್ದ ಪ್ರಶ್ನೆಯನ್ನು ಅವರಿಗೇ ಹಾಕಿದರು. “ನಿಮಗೆ ಎಂಗೆ ಗೊತ್ತು? ನೋಡಿದ್ರಾ, ಕೇಳಿದ್ರಾ?”

ಮೇಡಂ ಪೆಚ್ಚಾದರು. “ಕೇಳಿದ್ದು. ಮೇಷ್ಟ್ರು ಹೇಳಿದ್ರು,” ಎಂದವರೇ ಎದ್ದು ನಿಂತರು. “ನಡೀರಿ, ನೋಡೇ ಬಿಡೋಣ. ನೀನೂ ಬಾಮ್ಮ.”

ಅಪ್ಪ ಅಂಗಡಿಯದೊಂದು ಗಟ್ಟಿ ತೆಗೆದುಕೊಂಡು, ಮನೆಗೆ ಹೋಗಿ ದೇವರ ಗೂಡಿನಲ್ಲಿ ತಾತ ಮಾಡಿಟ್ಟಿದ್ದ ಒಂದು ಹಳೇ ಗಟ್ಟಿಯನ್ನೂ ತಂದರು. ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಎರಡನ್ನೂ ಪುಡಿ ಮಾಡಿ ಎರಡು ಗಾಜಿನ ಲೋಟಕ್ಕೆ ಹಾಕಿ ಆಮ್ಲ ಸುರಿದರು. ಸೀಮೆಸುಣ್ಣವಾದರೆ ಪೂರ್ತಿ ಕರಗುತ್ತದೆ, ಬೂದಿಯಾದರೆ ತಳದಲ್ಲಿ ಉಳಿಯುತ್ತದೆ. ನಮ್ಮ ಅಂಗಡಿಯದು ಬುಸ್ಸೆಂದು ನೊರೆಯೆದ್ದು ಪೂರ್ತಿ ಕರಗಿ, ತಿಳಿನೀರಾಯಿತು. ತಾತನದು ಒಂದಿಷ್ಟು ಗುಳ್ಳೆ ಬಿಟ್ಟು ಸುಮ್ಮನಾಯಿತು. ತಳದಲ್ಲಿ ಬೂದುಬಣ್ಣದ ಗಸಿ ಹಾಗೇ ಕೂತಿತ್ತು. ಅಪ್ಪ ಬಗ್ಗಿ ಒಮ್ಮೆ ಈ ಲೋಟ, ಒಮ್ಮೆ ಆ ಲೋಟ ನೋಡುತ್ತಲೇ ಇದ್ದರು. ನನಗೆ ಅಳು ಬಂತು.

ಹೊರಗೆ ಬಂದು ಅಪ್ಪ ಹೇಳಿದರು: “ಹಾಕಿ ಮೇಡಮ್ಮ. ಆದ್ರೆ ಅಂಗಡಿ ಹೆಸರು ಹಾಕೇ ಹಾಕಿ. ಹಳೇ ಅಂಗಡಿ ಅಂದ್ರೆ ನಮ್ ಬೀದೀಲಿ ಇನ್ನೂ ಇಬ್ರದ್ದು ಅದೆ. ಅವರ ಮೇಲ್ಯಾಕೆ ಅನುಮಾನ?”

ಈಗ ಬೇಡವೆಂದು ಗೋಗರೆಯುವ ಸರದಿ ಮೇಡಂ ಅವರದಾಯಿತು. “ಅಂಗಡಿ ಮುಳುಗೋಗುತ್ತೆ ಯಜಮಾನ್ರೇ!” ಅಪ್ಪ ಜಗ್ಗಲಿಲ್ಲ. ಭಾನುವಾರ ಹೆಸರು ಬಂತು. ಯಜಮಾನರೇ ಪರೀಕ್ಷೆ ನೋಡಿ ಆ ಮಾಲು ಮಾರುವುದನ್ನು ನಿಲ್ಲಿಸಿದ್ದಾರೆ ಎಂದೂ ಮೇಡಂ ಬರೆದಿದ್ದರು. ಆದರೆ ಜನ ಅಲ್ಲಿಯವರೆಗೆ ಓದಬೇಕಲ್ಲ! ಆ ಶಿವರಾತ್ರಿಗೆ ಮಠದ ಕಡೆಯವರು ಯಾರೂ ನಮ್ಮ ಮೆಟ್ಟಿಲು ಹತ್ತಲಿಲ್ಲ.

ಅಮ್ಮ ಮೇಡಂಗೆ ಕಾಫಿ ಕೊಡುವುದನ್ನು ನಿಲ್ಲಿಸಿದಳು. ಅವರು ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಫ್ಲಾಸ್ಕಿನಲ್ಲಿ ತಾವೇ ಕಾಫಿ ತಂದು, ಬೀದಿಗೆಲ್ಲ ಕಾಣುವಂತೆ ಅಂಗಡಿಯ ಬಾಗಿಲಲ್ಲೇ ಕೂತು, ಅಪ್ಪನಿಗೂ ಬಗ್ಗಿಸಿಕೊಟ್ಟು ಕುಡಿಯುತ್ತಿದ್ದರು. ಅಷ್ಟರಲ್ಲಿ ಅಪ್ಪ ನಂಜನಗೂಡು ಕಡೆಯ ನೆಂಟರಿಂದ ನಿಜವಾದ ಗಟ್ಟಿ ಮಾಡಿಸಿ ತಂದರು. ಅದು ಬೂದುಬಣ್ಣ. ಬಂದ ನಾಲ್ಕು ಜನವೂ ಬೆಳ್ಳಗಿರುವುದೇ ಬೇಕೆಂದು ವಾಪಸ್ಸು ಹೋದರು. ಇದರ ಬಗ್ಗೆ ಒಂದೇ ಒಂದು ಮಾತು ಬರೆಯಿರಿ ಎಂದು ನಾನು ಮೇಡಂ ಅವರನ್ನು ಅಂಗಲಾಚಿದೆ. ಆಗುವುದಿಲ್ಲ ಅಂದರು. ನನಗೆ ಮೈ ಉರಿಯಿತು. “ಕೆಡಿಸೋಕೆ ಪೇಪರ್ ಇತ್ತು, ಕಟ್ಟೋಕಿಲ್ವಾ?” ಎಂದು ಕಿರುಚಿದೆ.

“ಅವತ್ತು ನಾನು ಪತ್ರಕರ್ತೆ ಕಣಮ್ಮ. ಇವತ್ತು ಈ ಬಾಗಿಲಲ್ಲಿ ಕಾಫಿ ಕುಡಿಯೋಳು. ನಾನು ಹೊಗಳಿದ್ರೆ ಯಾರು ನಂಬ್ತಾರೆ?” ಅಂದರು. ಅವರ ಕಣ್ಣಲ್ಲೂ ನೀರಿತ್ತು. ಕಚೇರಿಯಲ್ಲಿ ಬೇರೊಬ್ಬರಿಗೆ ಹೇಳಿ ಬರೆಸಬಹುದಿತ್ತು, ಅದನ್ನೂ ಮಾಡಲಿಲ್ಲ.

ನಾನೀಗ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಮಾಲು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಲಾರಿ ಕಾದಿದೆ, ಪಾಸ್ ಮಾಡಿಬಿಡಿ ಎಂದು ದೊಡ್ಡವರು ಒತ್ತಾಯಿಸುವ ದಿನಗಳಿರುತ್ತವೆ. ಮಾಡಿಲ್ಲ. ಆ ಮೊಂಡುತನ ಮೇಡಂ ಅವರಿಂದ ಬಂದದ್ದು. ಅವರ ಮೇಲಿನ ಕೋಪ ಯಾವಾಗ ಪ್ರೀತಿಯಾಯಿತೋ ನನಗೇ ತಿಳಿಯದು. ಅಮ್ಮ ಮಾತ್ರ ಒಂದು ದೀಪಾವಳಿಗೆ ತಾನಾಗಿಯೇ ಕಾಫಿ ಮಾಡಿಕೊಟ್ಟು ರಾಜಿಯಾದಳು.

ಕಳೆದ ವರ್ಷ ಅವರಿಗೆ ಶ್ವಾಸಕೋಶದ ಕಾಯಿಲೆ ಬಲಿಯಿತು. ನಾನೂ ಅಪ್ಪನೂ ಆಸ್ಪತ್ರೆಗೆ ಹೋದಾಗ ಆ ದೊಡ್ಡ ದನಿ ಉಡುಗಿಹೋಗಿತ್ತು. ಅಪ್ಪ ಬಗ್ಗಿ ಕಿವಿಗೊಡಬೇಕಾಯಿತು.

“ಯಜಮಾನ್ರೇ, ಕೇಳಬೇಕು ಅಂತಾನೇ ಇದ್ದೆ. ಇಷ್ಟು ವರ್ಷ ಧೈರ್ಯ ಬರ್ಲಿಲ್ಲ. ಅವತ್ತು ನಾನು ಮಾಡಿದ್ದು ಸರಿಯಾಯ್ತಾ?”

ಅಪ್ಪನಿಗೆ ಸುಳ್ಳು ಹೇಳಿ ಗೊತ್ತಿಲ್ಲ. “ಅಂಗಡಿಗೆ ಸರಿಯಾಗ್ಲಿಲ್ಲ ಮೇಡಮ್ಮ. ಹೋದ ಗಿರಾಕಿಗಳು ವಾಪಸ್ ಬರ್ಲೇ ಇಲ್ಲ,” ಅಂದರು. ಸಾಯುವವರ ಹತ್ತಿರ ಆಡುವ ಮಾತೇ ಎಂದು ನಾನು ಅಪ್ಪನ ಅಂಗಿ ಜಗ್ಗಿದೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ.

“ಆದ್ರೆ ದಿನಾ ಬೆಳಿಗ್ಗೆ ಹಣೆಗೆ ಏನು ಹಚ್ಕತೀನಿ ಅಂತ ಈಗ ನಂಗೊತ್ತು. ಅದು ಗೊತ್ತಿಲ್ದೇನೇ ಅರ್ಧ ಆಯಸ್ಸು ಪೂಜೆ ಮಾಡ್ಬುಟ್ಟಿದ್ದೆ. ನೀವು ಬಂದು ಹೇಳ್ದೆ ಹೋಗಿದ್ರೆ, ಸುಣ್ಣಾನೇ ಈಬತ್ತಿ ಅನ್ಕಂಡು ಅಂಗೇ ಸತ್ತೋಗ್ತಿದ್ದೆ.”

ಮೇಡಂ ಅಪ್ಪನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿ ಮಲಗಿದರು. ಭೇಟಿಯ ಹೊತ್ತು ಮುಗಿಯಿತು ಎಂದು ನರ್ಸ್ ಬಂದು ಹೇಳುವವರೆಗೂ ಆ ಕೈ ಬಿಡಲಿಲ್ಲ. ಆ ವಾರದಲ್ಲೇ ತೀರಿಕೊಂಡರು.