ಅಲ್ಲಲ್ಲಿ ಮಳೆ

ಕಲಬುರಗಿಯ ಖೂಬಾ ಪ್ಲಾಟಿನ ಲಲಿತಾಬಾಯಿ ಯಾರನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. ಹಾಲಿನವನು ಬಂದರೆ ಬೆರಳು ಅದ್ದಿ ನೋಡುತ್ತಾಳೆ. ಅಂಗಡಿಯ ಸೀರೆಯನ್ನು ರಸ್ತೆಯ ಬಿಸಿಲಿಗೆ ತಂದು ಬಣ್ಣ ನೋಡದೆ ಕೊಂಡವಳಲ್ಲ. ಆಟೋದವನು ಗೊತ್ತಿಲ್ಲದ ಓಣಿ ಹಿಡಿದರೆ ಸಾಕು, "ಎಲ್ಲಿಗೆ ಒಯ್ಯಾಕತ್ತೀಯಪ್ಪಾ ನನ್ನ?" ಎಂದು ಶುರು. ಗಂಡ ಗುರುಪ್ರಸಾದ ಸಂಜೆ ಅಡ್ಡಾಡಲು ಹೊರಟರೆ, ಇವತ್ತೇಕೆ ಇಸ್ತ್ರಿ ಅಂಗಿ ಎಂದು ಕೇಳುತ್ತಾಳೆ. ಪಾಪ, ಆ ಅಂಗಿಗೆ ಇಸ್ತ್ರಿ ಮಾಡಿಟ್ಟವಳೂ ಅವಳೇ.

ಇಂಥವಳ ಎದುರು ಹವಾಮಾನ ವರದಿ ಓದುವುದೆಂದರೆ ಹುಡುಗಾಟವಲ್ಲ. ದಸರೆ ಮುಗಿದಿತ್ತು, ಸೀಗಿ ಹುಣ್ಣಿಮೆ ಇನ್ನೂ ಬಂದಿರಲಿಲ್ಲ. ಗುರುಪ್ರಸಾದ ಚಹಾ ಕುಡಿಯುತ್ತ ಮೊಬೈಲಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಓದಿದ: "ಈ ವಾರ ಕಲಬುರಗಿ ಜಿಲ್ಲೆಯ ಅಲ್ಲಲ್ಲಿ ಗುಡುಗು ಸಹಿತ ಮಳೆ. ಉಳಿದೆಡೆ ಒಣ ಹವೆ."

"ಅಲ್ಲಲ್ಲಿ ಅಂದ್ರ ಎಲ್ಲಿ?"

"ಅದನ್ನ ಹೇಳಿಲ್ಲ."

"ಹೆಂಗ ಹೇಳ್ತಾರ? ಬಂದ್ರೂ ಅವರು ಹೇಳಿದ್ದ ಖರೆ, ಬರದಿದ್ರೂ ಖರೆ. ಭಾಳ ಶಾಣ್ಯಾ ಅದಾರ."

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಾರನೆಯ ದಿನ ಕಮಲಾಪುರದಿಂದ ತಂಗಿ ಮಲ್ಲಿಕಾಳ ಫೋನು ಬಂತು. ಅಪ್ಪ ಸಾಯುವ ಮುಂಚೆ ಹೊಲವನ್ನು ಇಬ್ಬರು ಹೆಣ್ಣುಮಕ್ಕಳಿಗೂ ಸಮ ಹಂಚಿದ್ದ. ಮಲ್ಲಿಕಾಳ ಗಂಡ ಮೌನೇಶ ಮನೆ ಅಳಿಯನಾಗಿ ಬಂದವನು, ಎರಡೂ ಪಾಲನ್ನು ಅವನೇ ಬಿತ್ತಿ ಬೆಳೆಯುತ್ತಿದ್ದ. ಈ ಸಲ ಸೋಯಾ. ಕೊಯ್ದು, ಕಣದಲ್ಲಿ ಅಕ್ಕನದೊಂದು ಬಣವೆ, ತಂಗಿಯದೊಂದು ಬಣವೆ ಒಟ್ಟಿದ್ದರು. ಪ್ರತಿವರ್ಷ ಕಾಳು ಬಿಡಿಸುವ ರಾಶಿಯ ದಿನ ಲಲಿತಾಬಾಯಿ ಕಣದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು, ಕಣ್ಣು ಮಿಟುಕಿಸದೆ.

"ಅಕ್ಕಾ, ನಿನ್ನೆ ಸಂಜೀಕ ಜೋರ್ ಮಳಿ ಬಡೀತು," ಎಂದಳು ಮಲ್ಲಿಕಾ. "ಒಂದು ಬಣಮಿ ಪೂರಾ ನೆಂದದ. ಈಗ ಬರಬ್ಯಾಡ. ಒಣಗಿದ ಮ್ಯಾಲ ಹೇಳ್ತೀನಿ."

ಲಲಿತಾಬಾಯಿ ಮಾಳಿಗೆ ಹತ್ತಿದಳು. ಬಿಸಿಲು ಕಣ್ಣು ಕುಕ್ಕುವಂತಿತ್ತು. ಹಿಂದಿನ ದಿನ ಒಣಹಾಕಿದ ಕೌದಿ ಹಪ್ಪಳದಂತೆ ಗರಿಗರಿ ಆಗಿತ್ತು. ಇಲ್ಲಿ ಹನಿ ಬೀಳದ್ದು, ಒಂದು ತಾಸಿನ ದಾರಿಯ ಕಮಲಾಪುರದಲ್ಲಿ ಬಣವೆ ತೋಯುವಷ್ಟು ಬಿತ್ತೇ? ಬರಬೇಡ ಅನ್ನುವುದೇಕೆ? ಆಗಲೇ ರಾಶಿ ಮಾಡಿ ಮಾರಿದ್ದಾರೆ, ಈಗ ಮಳೆಯ ಹೆಸರು ಹೇಳುತ್ತಿದ್ದಾರೆ. ಲೆಕ್ಕ ಎಷ್ಟು ಸಲೀಸಾಗಿ ಕೂಡಿತೆಂದರೆ ಅವಳಿಗೆ ಒಳಗೊಳಗೇ ಒಂದಿಷ್ಟು ಖುಷಿಯೂ ಆಯಿತು.

ಅವಳು ಚಪ್ಪಲಿ ಮೆಟ್ಟುವಾಗ ಗುರುಪ್ರಸಾದ ಅಂದ, "ತವರು ಅಂತ ಉಳಿದದ್ದು ಅದೊಂದ ಮನಿ, ಲಲಿತಾ. ಮಾತಾಡೂ ಮುಂದ ಸ್ವಲ್ಪ ನೋಡ್ಕೊ."

"ನೋಡಾಕ ಹೊಂಟೀನಿ," ಎಂದು ಅವಳು ಬಸ್ ಸ್ಟ್ಯಾಂಡಿಗೆ ನಡೆದಳು.

ಹುಮನಾಬಾದ್ ರಸ್ತೆಯುದ್ದಕ್ಕೂ ಧೂಳು. ಒಂದೊಂದು ಊರು ಹಿಂದಾದಂತೆ ಅವಳ ಸಿಟ್ಟಿಗೆ ಬಲ ಬಂತು. ಕಮಲಾಪುರದಲ್ಲಿ ಇಳಿದರೆ ರಸ್ತೆಯ ಪಕ್ಕ ನೀರು ನಿಂತಿತ್ತು. ಯಾವುದೋ ಟ್ಯಾಂಕರ್ ಸೋರಿರಬೇಕು ಎಂದುಕೊಂಡಳು. ಮುಂದೆ ಹೊಲದ ದಾರಿಯಲ್ಲಿ ಎರೆ ಮಣ್ಣು ಎರಡೂ ಚಪ್ಪಲಿಗೆ ಮೆತ್ತಿ ಹೆಜ್ಜೆ ಕೀಳದಂತಾದಾಗ, ಊರಿಗೆಲ್ಲ ಟ್ಯಾಂಕರ್ ಸೋರಲಾರದು ಎಂದು ಅವಳೂ ಒಪ್ಪಬೇಕಾಯಿತು.

ಮಳೆ ಬಂದದ್ದು ನಿಜ. ಆದರೆ ಅನುಮಾನದ ಮನಸ್ಸು ಸುಮ್ಮನೆ ಕೂರುತ್ತದೆಯೇ? ಕಣದಲ್ಲಿ ಒಂದು ಬಣವೆ ತಾಡಪತ್ರಿಯ ಹೊದಿಕೆಯೊಳಗೆ ಬೆಚ್ಚಗಿತ್ತು. ಇನ್ನೊಂದು ಬರಿಮೈಯಲ್ಲಿ ನೆನೆದು ಕುಸಿದಿತ್ತು. ಗಂಡ ಹೆಂಡತಿ ಅದನ್ನು ಕಿತ್ತು ಕಿತ್ತು ಬಿಸಿಲಿಗೆ ಹರಡುತ್ತಿದ್ದರು. ಕಾಯಿ ನೀರು ಕುಡಿದು ಉಬ್ಬಿತ್ತು, ಕೆಲವು ಒಡೆದು ಕಾಳು ಕಾಣುತ್ತಿತ್ತು.

"ಇರೂದೊಂದು ತಾಡಪತ್ರಿ ನಿಮ್ದರ ಮ್ಯಾಲ ಹೊಚ್ಚಿ, ನಂದು ಮಳೀಗೆ ಬಿಟ್ರೇನು?" ದೂರದಿಂದಲೇ ಕೂಗಿದಳು ಲಲಿತಾಬಾಯಿ. "ಅದಕ್ಕ ಬರಬ್ಯಾಡ ಅಂದಿ. ಮನೀ ಅಳಿಯನ ಬುದ್ಧಿ ಇದು!"

ಮೌನೇಶ ಬೆನ್ನು ನೆಟ್ಟಗೆ ಮಾಡಿದ. "ಹೊಚ್ಚಿದ್ದು ನಿಮ್ದು ರೀ ಅಕ್ಕಾರ. ನೆಂದದ್ದು ನಮ್ದು," ಎಂದು ಮತ್ತೆ ಬಗ್ಗಿದ.

ಲಲಿತಾಬಾಯಿ ತಾಡಪತ್ರಿ ಎತ್ತಿ ಒಳಗೆ ಕೈ ಹಾಕಿದಳು. ಬೆಚ್ಚಗೆ, ಒಣಗಿ, ಕಾಯಿ ಗಲಗಲ ಅಂದವು. ಸಿಟ್ಟೆಲ್ಲ ಒಮ್ಮೆಗೇ ಇಳಿಯಿತು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಮಮತೆ ಉಕ್ಕಿತು. ತಂಗಿಯ ಕೈ ಹಿಡಿದಳು.

"ನಿಂದು ಬಿಟ್ಟು ನಂದು ಹೊಚ್ಚಿದೇನ ಮಲ್ಲೀ? ನನ್ನ ಮ್ಯಾಲ ಅಷ್ಟು ಜೀವ ಅದ ಏನ?"

ಮಲ್ಲಿಕಾ ಕೈ ಬಿಡಿಸಿಕೊಂಡಳು. ದನಿಯಲ್ಲಿ ಜಗಳವಿರಲಿಲ್ಲ, ಆಯಾಸವಿತ್ತು.

"ಜೀವಕ್ಕಲ್ಲ ಅಕ್ಕಾ, ಅಂಜಿಕೀಗಿ. ನಂದು ನೆಂದ್ರ ಒಂದು ಬಣಮಿ ಹೋಗ್ತದ, ಅಷ್ಟ. ನಿಂದು ನೆಂದಿದ್ರ, ಮಳಿ ಬಂದಿತ್ತು ಅಂತ ನೀ ನಂಬ್ತಿದ್ದೇನು?"

ಮಲ್ಲಿಕಾ ಉತ್ತರಕ್ಕೆ ಕಾಯದೆ ಇನ್ನೊಂದು ಹೊರೆ ಎತ್ತಿಕೊಂಡಳು. ಲಲಿತಾಬಾಯಿ ಸೆರಗು ಸಿಕ್ಕಿಸಿ, ಬಗ್ಗಿ, ನೆನೆದ ಕಾಯಿಗಳನ್ನು ಬಿಡಿಸಿ ಹರಡತೊಡಗಿದಳು. ತಂಗಿ ಬೇಡ ಎನ್ನಲಿಲ್ಲ. ಮನೆಗೆ ಬಾ ಎಂದೂ ಅನ್ನಲಿಲ್ಲ.