ಸಾಹುಕಾರರ ಪಡಸಾಲೆಯಲ್ಲಿ ಸುಟ್ಟ ಆಂಪ್ಲಿಫೈಯರ್

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲವೆಂದೆ, ಒಮ್ಮೆ ಮನೆಯಲ್ಲಿ ಮದುವೆಯ ಗಡಿಬಿಡಿ ಎಂದೆ. ನಿಜವೆಂದರೆ ಧೈರ್ಯ ಇರಲಿಲ್ಲ. ಕಳೆದ ತಿಂಗಳು ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯವರು ಹೋಮ್ ಥಿಯೇಟರ್ ತಂದರು. ಜೋಡಿಸಲು ಬಂದವನು ತಂತಿಗಳನ್ನು ಸಿಕ್ಕಿಸಿ, ಹಿಂದೆ ತಿರುಗಿಯೂ ನೋಡದೆ “ಆತ್ರಿ” ಎಂದು ಸ್ವಿಚ್ಚಿಗೆ ಕೈ ಚಾಚಿದ. ನಾನು ಆ ಕೈಯನ್ನು ಹಿಡಿದುಬಿಟ್ಟೆ.

“ಯಾಕ್ರಿ ಅಜ್ಜಾರ, ಏನಾತ್ರಿ?” ಎಂದ.

ಅವನಿಗೆ ಹೇಳದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

೧೯೫೬ರಲ್ಲಿ ನಾನು ಗದಗಿನ ಒಂದು ರೇಡಿಯೋ ಮತ್ತು ಲೌಡ್‌ಸ್ಪೀಕರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ವಯಸ್ಸು ಇಪ್ಪತ್ತೆರಡು. ತಂದೆ ಮುಳಗುಂದದಲ್ಲಿ ಶಾಲಾ ಮಾಸ್ತರರು. ನಾನು ಮ್ಯಾಟ್ರಿಕ್ ಮುಗಿಸಿದ್ದೆ. ಅಂಗಡಿಯಲ್ಲಿ ಇಂಗ್ಲಿಷ್ ಪುಸ್ತಕ ಓದಿ ಸರ್ಕ್ಯೂಟಿನ ನಕ್ಷೆ ಬರೆಯಬಲ್ಲವನು ನಾನೊಬ್ಬನೇ ಆಗಿದ್ದೆ. ನನ್ನ ಜೊತೆ ಇನ್ನೊಬ್ಬನಿದ್ದ, ಅಡರಕಟ್ಟಿಯ ಒಕ್ಕಲುತನದ ಮನೆಯವನು, ನನ್ನ ಓರಿಗೆಯವನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ. ಅವನ ಹೆಸರನ್ನು ಕೊನೆಯಲ್ಲಿ ಬರೆಯುತ್ತೇನೆ. ಈಗಲೇ ಬರೆದರೆ ಕೈ ಮುಂದೆ ಹೋಗಲಾರದು.

ಅವನಿಗೆ ನಕ್ಷೆ ಬೇಕಿರಲಿಲ್ಲ. ಕೆಟ್ಟ ರೇಡಿಯೋಕ್ಕೆ ಕಿವಿಗೊಟ್ಟು ಕುಳಿತು, “ಇದಕ್ಕ ನೆಗಡಿ ಆಗೇತಿ, ಆ ಮೂಲಿ ವಾಲ್ವ್ ನೋಡು” ಎನ್ನುತ್ತಿದ್ದ. ನಾನು ಅರ್ಧ ದಿನ ಮೀಟರು ಹಿಡಿದು ಹುಡುಕಿದರೂ ಕಡೆಗೆ ತಪ್ಪು ಅದೇ ವಾಲ್ವಿನಲ್ಲಿ, ಒಳಗೆ ಕೆಂಪಗೆ ಕಾಯುವ ಆ ಗಾಜಿನ ಕೊಳವೆಯಲ್ಲಿ, ಇರುತ್ತಿತ್ತು. ಗಿರಾಕಿಗಳು ಬಂದವರೇ “ಅಂವ ಎಲ್ಲಿ ಅದಾನು?” ಎಂದು ಕೇಳುತ್ತಿದ್ದರು. ನಾನು ಎದುರಿಗೇ ಕುಳಿತಿರುತ್ತಿದ್ದೆ. ಒಮ್ಮೆ ಮುಳಗುಂದದ ನಮ್ಮ ಮನೆಗೆ ಬಂದವನು ಬೇಗ ಉಂಡೆದ್ದು, ನಾನು ಮಜ್ಜಿಗೆಗೆ ಬರುವಷ್ಟರಲ್ಲಿ ಅವ್ವನ ಗ್ರಾಮೊಫೋನ್ ಸರಿಮಾಡಿದ. ಅದನ್ನು ನಾನು ಎರಡು ತಿಂಗಳಿಂದ ಬಿಚ್ಚಿಟ್ಟಿದ್ದೆ.

“ನೋಡು, ಕೈಗುಣ ಅಂದ್ರ ಇದು. ಓದಿದ್ರ ಬರೂದಲ್ಲ ಅದು,” ಎಂದಳು ಅವ್ವ.

ಅಂದು ನಾನು ಮಜ್ಜಿಗೆಯನ್ನು ಹಾಗೇ ಬಿಟ್ಟು ಎದ್ದೆ. ಅಲ್ಲಿಂದ ಮುಂದೆ ಅವನು ಶಿಳ್ಳೆ ಹಾಕಿದರೂ ನನಗೆ ಮೈ ಉರಿಯುತ್ತಿತ್ತು.

ನಮ್ಮ ಕೆಲಸದ ಕಟ್ಟಳೆಗಳನ್ನು ಸ್ವಲ್ಪ ಹೇಳಬೇಕು. ಕರೆಂಟಿನ ಪ್ಲಗ್ಗನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು, ತೆಗೆಯುವಾಗ ಎಲ್ಲಕ್ಕಿಂತ ಮೊದಲು ತೆಗೆಯಬೇಕು. ಯಂತ್ರದ ಲೋಹದ ಮೈಯಿಂದ ಒಂದು ತಂತಿಯನ್ನು ಒದ್ದೆ ನೆಲದಲ್ಲಿ ಹೂತ ಸರಳಿಗೆ ಕಟ್ಟಬೇಕು. ಇದು ಅರ್ಥಿಂಗ್. ಇವೆರಡಕ್ಕಿಂತ ಮುಖ್ಯವಾದುದು ಇನ್ನೊಂದು: ಸ್ಪೀಕರ್ ಕೂಡಿಸದೆ ವಾಲ್ವ್ ಆಂಪ್ಲಿಫೈಯರಿಗೆ ಕರೆಂಟು ಕೊಡಬಾರದು. ಹರಿದು ಹೋಗಲು ದಾರಿ ಸಿಗದ ನೀರು ಹೊಲದ ಒಡ್ಡನ್ನು ಒಡೆಯುವಂತೆ, ಸ್ಪೀಕರಿಗೆ ಹೋಗಬೇಕಾದ ಶಕ್ತಿ ಒಳಗೇ ತಿರುಗಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಸುಡುತ್ತದೆ. ಆದ್ದರಿಂದ ಮಾಲೀಕ ರಾಚಪ್ಪನವರು ಒಂದು ಪದ್ಧತಿ ಇಟ್ಟಿದ್ದರು. ಒಬ್ಬ ತಂತಿ ಕೂಡಿಸಬೇಕು. ಇನ್ನೊಬ್ಬ ಪ್ರತಿ ತಂತಿಯ ಮೇಲೂ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ ನೋಡಿ “ಆತು” ಎನ್ನಬೇಕು. ಆ ಮಾತು ಕೇಳಿದ ಮೇಲೆ, ಕೂಡಿಸಿದವನೇ ಸ್ವಿಚ್ ಹಾಕಬೇಕು.

ಆ ವರ್ಷ ನವೆಂಬರ್ ಒಂದರಂದು ಕನ್ನಡ ನಾಡು ಒಂದಾಯಿತು. ಮುಂಬೈ ಪ್ರಾಂತ್ಯದಲ್ಲಿದ್ದ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಬೆಂಗಳೂರಿನ ಸಮಾರಂಭದ ವರ್ಣನೆ ಸಂಜೆ ರೇಡಿಯೋದಲ್ಲಿ ಬರುವುದಿತ್ತು. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ಚನ್ನವೀರಪ್ಪ ಸಾಹುಕಾರರ ಮನೆಗೆ ಹೊಸದಾಗಿ ಕರೆಂಟು ಬಂದಿತ್ತು. ಅವರು ರೇಡಿಯೋ, ಗ್ರಾಮೊಫೋನ್, ಆಂಪ್ಲಿಫೈಯರ್ ಎಲ್ಲವನ್ನೂ ತರಿಸಿ, ಪಡಸಾಲೆಯಲ್ಲಿ ಒಂದು ಪೆಟ್ಟಿಗೆ ಸ್ಪೀಕರ್, ಓಣಿಯವರಿಗಾಗಿ ಹೊರಗೆ ಒಂದು ಹಾರ್ನ್ ಇಡಲು ಹೇಳಿದ್ದರು. ಇಷ್ಟೆಲ್ಲ ಮಾಡಿದ್ದು ಅವರ ತಾಯಿಗಾಗಿ. ಗಂಗಮ್ಮ ಆಯಿಗೆ ಕಿವಿ ಮಂದವಾಗಿತ್ತು. ಅವರ ಯಜಮಾನರು ಏಕೀಕರಣ, ಏಕೀಕರಣ ಎಂದು ಊರೂರು ತಿರುಗಿ, ಅದನ್ನು ಕಾಣದೆ ಎರಡು ವರ್ಷ ಹಿಂದೆ ತೀರಿಹೋಗಿದ್ದರು.

ಹೊರಡುವ ಮೊದಲೇ ರಾಚಪ್ಪನವರು ನಮ್ಮಿಬ್ಬರೆದುರು ಹೇಳಿದ್ದರು: “ಲಕ್ಷ್ಮೇಶ್ವರದಾಗ ಒಂದು ಅಂಗಡಿ ತೆಗಿಯೋಣು ಅಂತ ಮಾಡೀನಿ. ಇದು ಛಲೋ ಆತಂದ್ರ, ತಮ್ಮಾ, ನೀನ ನೋಡ್ಕೋಬೇಕು ಅದನ್ನ.” ಆ ‘ತಮ್ಮಾ’ ನಾನಲ್ಲ. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರನ್ನು ಅವನು ತಾಮ್ರದ ತಂತಿಯಿಂದ ಸ್ವತಃ ಸುತ್ತಿದ್ದ. ಒಂದೊಂದು ಸುತ್ತನ್ನೂ ಬಾಯಲ್ಲಿ ಎಣಿಸುತ್ತ, ನಾಲ್ಕು ದಿನ ಯಾರೊಂದಿಗೂ ಮಾತಾಡಿರಲಿಲ್ಲ.

ಮಧ್ಯಾಹ್ನದೊಳಗೆ ಅವನು ಎಲ್ಲ ತಂತಿ ಕೂಡಿಸಿದ. ಎರಡೂ ಸ್ಪೀಕರಿನಿಂದ ಬಂದ ತಂತಿಗಳ ಒಂದೊಂದು ಎಳೆ, ಆಂಪ್ಲಿಫೈಯರಿನ ಹಿಂದೆ ಒಂದೇ ಸ್ಕ್ರೂವಿಗೆ ಬರುತ್ತಿತ್ತು. ಸಂಜೆ ಆಯಿ ಬಂದು, ತಮ್ಮ ಗಾದಿಯನ್ನು ಸ್ಪೀಕರಿನ ಹತ್ತಿರ ಹಾಕಿಸಿಕೊಂಡರು. ಅದಕ್ಕಾಗಿ ಮನೆಯವರು ಆಂಪ್ಲಿಫೈಯರ್ ಇಟ್ಟ ಮೇಜನ್ನು ಒಂದು ಮೊಳ ಸರಿಸಿದರು. ಅವನು ಆಗ ಹೊರಗೆ ನಿಚ್ಚಣಿಕೆಯ ಮೇಲೆ ನಿಂತು ಹಾರ್ನ್ ಬಿಗಿಯುತ್ತಿದ್ದ. ಅಲ್ಲಿಂದಲೇ ಕೂಗಿ ಹೇಳಿದ, “ಲೇ ಮಾಸ್ತರ, ಒಮ್ಮಿ ಬೆರಳಾಡಿಸಲೇ.” ನನ್ನನ್ನು ಪ್ರೀತಿಯಿಂದ ಮಾಸ್ತರ ಎನ್ನುತ್ತಿದ್ದ.

ನಾನು ಬೆರಳಾಡಿಸಿದೆ. ರೇಡಿಯೋದ ತಂತಿ ಸರಿಯಿತ್ತು. ಅರ್ಥಿಂಗ್ ಸರಿಯಿತ್ತು. ಹಿಂದಿನ ಆ ಸ್ಕ್ರೂವಿಗೆ ಬಂದಾಗ ಬೆರಳಿಗೆ ಬರೀ ಸ್ಕ್ರೂ ಸಿಕ್ಕಿತು. ಮೇಜು ಸರಿಸುವಾಗ ಎಳೆಗಳೆರಡೂ ಕಿತ್ತುಬಂದು ಕೆಳಗೆ ಜೋತಾಡುತ್ತಿದ್ದವು.

ಅಷ್ಟರಲ್ಲಿ ಅವನು ಒಳಗೆ ಬಂದ. ಓಣಿಯ ತುಂಬ ಜನ. ಸಾಹುಕಾರರು ಅವನ ಬೆನ್ನ ಮೇಲೆ ಕೈಯಿಟ್ಟು ಯಾರಿಗೋ ಹೇಳುತ್ತಿದ್ದರು, “ಇಂವನ ನೋಡ್ರಿ, ಎಲ್ಲಾ ಮಾಡಿದಂವ.”

“ಆತೇನಲೇ?” ಎಂದು ನನ್ನನ್ನು ಕೇಳಿದ.

“ಆತು,” ಎಂದೆ.

ಅವನನ್ನು ಕೆಡಿಸಬೇಕೆಂದು ಹಾಗೆಂದೆನೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನನ್ನ ಎಣಿಕೆ ಇದ್ದುದು ಇಷ್ಟೆ: ವಾಲ್ವ್ ಕಾಯಲು ಅರ್ಧ ನಿಮಿಷ ಬೇಕು, ಆಮೇಲೆ ಸದ್ದು ಬರುವುದಿಲ್ಲ, ಅವನು ತಬ್ಬಿಬ್ಬಾಗುತ್ತಾನೆ, ಏನಾದರೂ ಸುಡುವ ಮೊದಲೇ ನಾನು ಮುಂದೆ ಬಂದು ತಪ್ಪು ಹುಡುಕಿ ಸರಿಮಾಡುತ್ತೇನೆ. ಅವನು ಪ್ಲಗ್ ಹಾಕಿದ. ಅರ್ಧ ನಿಮಿಷ ಕಳೆಯಿತು. ಸದ್ದು ಬರಲಿಲ್ಲ. ಜನರೆಲ್ಲ ಅವನನ್ನು ನೋಡಿದರು. ಆ ನೋಟ ನನಗೆ ಹಿತವಾಗಿತ್ತು. ಇನ್ನೊಂದು ಸ್ವಲ್ಪ ಇರಲಿ ಎಂದು ಸುಮ್ಮನೆ ನಿಂತೆ. ಅವನು ದನಿ ಏರಿಸುವ ಗುಂಡಿಯನ್ನು ತಿರುವುತ್ತ ಹೋದ.

ಆಯಿ ಸ್ಪೀಕರಿಗೆ ಕಿವಿ ಹಚ್ಚಿ ಕುಳಿತಿದ್ದರು. “ಶುರು ಆತೇನಪಾ? ನನಗ ಕೇಳವಲ್ದು. ನಿಮಗೆಲ್ಲಾ ಕೇಳಾಕತ್ತೈತೇನು?” ಎಂದರು.

ಯಾರೂ ಉತ್ತರಿಸುವ ಮೊದಲೇ ಟ್ರಾನ್ಸ್‌ಫಾರ್ಮರಿಗೆ ಹೊಯ್ದ ಟಾರು ಸುಟ್ಟ ವಾಸನೆ ಬಂತು. ಚಟ್ ಎಂದಿತು, ಹೊಗೆ ಎದ್ದಿತು, ಫ್ಯೂಜ್ ಹೋಗಿ ಮನೆಯ ದೀಪ, ರೇಡಿಯೋ ಎಲ್ಲ ಆರಿದವು. ಆ ಗಡಿಬಿಡಿಯಲ್ಲೂ ಅವನು ಮೊದಲು ಪ್ಲಗ್ ಕಿತ್ತ. ಆಮೇಲೆ ಸುಡುವ ಯಂತ್ರವನ್ನು ಬರಿಗೈಯಲ್ಲಿ ಎತ್ತಿ ಆಯಿಯ ಗಾದಿಯಿಂದ ದೂರಕ್ಕಿಟ್ಟ. ಕರಗಿದ ಟಾರು ಅವನ ಬಲ ಅಂಗೈಗೆ ಅಂಟಿತು. ಅವನನ್ನು ನೀರಿನ ಹತ್ತಿರ ಕರೆದೊಯ್ದರು, ಆಯಿಯನ್ನು ಹೊರಗೆ ಕರೆದೊಯ್ದರು. ಮಬ್ಬುಗತ್ತಲೆಯ ಪಡಸಾಲೆಯಲ್ಲಿ ಉಳಿದವನು ನಾನೊಬ್ಬನೇ. ಜೋತಾಡುತ್ತಿದ್ದ ಆ ಎಳೆಗಳನ್ನು ಸ್ಕ್ರೂವಿಗೆ ಸುತ್ತಿ ಬಿಗಿಮಾಡಿದೆ.

ನನ್ನ ಪಾಪ ‘ಆತು’ ಎಂದುದಕ್ಕಿಂತ ಇದರಲ್ಲಿ ಹೆಚ್ಚಿದೆ.

ಹೊಸ ಫ್ಯೂಜ್ ಹಾಕುವಷ್ಟರಲ್ಲಿ ಕಾರ್ಯಕ್ರಮ ಮುಗಿದಿತ್ತು. ಮರುದಿನ ರಾಚಪ್ಪನವರು ಬಂದು ಒಂದೊಂದೇ ಸ್ಕ್ರೂ ಮುಟ್ಟಿ ನೋಡಿದರು. ಎಲ್ಲ ಬಿಗಿಯಾಗಿದ್ದವು.

“ಇಂವ ಆತು ಅಂದ ಮ್ಯಾಲ ನೀ ಏನರ ಮುಟ್ಟಿದ್ದೇನು?” ಎಂದು ಅವನನ್ನು ಕೇಳಿದರು.

ಅವನು ಒಂದೊಂದೇ ನೆನಪಿಸಿಕೊಂಡು ಹೇಳಿದ. “ದನಿ ಏರ್ಸೂ ಗುಂಡಿ ಒಂದು ತಿರುವಿದ್ನಿರಿ. ಮತ್ತೇನಿಲ್ರಿ.”

“ಹಂಗಾದ್ರ ನಿನ್ನ ಸುತ್ತಿನ ಎಣಿಕೀನ ತಪ್ಪೇತಿ.”

“ಹೌದ್ರಿ, ಹಂಗ ಇರಬೇಕ್ರಿ,” ಎಂದ, ಬಟ್ಟೆ ಸುತ್ತಿದ ಕೈಯನ್ನು ನೋಡುತ್ತ.

ಲಕ್ಷ್ಮೇಶ್ವರದ ಅಂಗಡಿ ನನಗೆ ಬಂತು. ಅವನ ಅಂಗೈ ವಾಸಿಯಾಯಿತು. ಆದರೆ ಟ್ರಾನ್ಸ್‌ಫಾರ್ಮರ್ ಸುತ್ತಲು ಕುಳಿತರೆ ನಡುವೆ ನಿಲ್ಲಿಸಿ ಎಲ್ಲ ಬಿಚ್ಚುತ್ತಿದ್ದ, ಮತ್ತೆ ಸುತ್ತುತ್ತಿದ್ದ, ಮತ್ತೆ ಬಿಚ್ಚುತ್ತಿದ್ದ. ಎರಡು ತಿಂಗಳಿಗೆ ಕೆಲಸ ಬಿಟ್ಟು ಊರಿಗೆ ಹೋಗಿ ಎತ್ತು ಹೂಡಿದ. ಗಂಗಮ್ಮ ಆಯಿ, ಅಂದು ಭಾಷಣ ಆಯಿತು, ತನ್ನ ಕಿವಿಗೆ ಮಾತ್ರ ಕೇಳಲಿಲ್ಲ ಎಂದೇ ಕಡೆಯವರೆಗೆ ಹೇಳುತ್ತಿದ್ದರಂತೆ.

ಸುಮಾರು ಇಪ್ಪತ್ತು ವರ್ಷಗಳ ಮೇಲೆ ಲಕ್ಷ್ಮೇಶ್ವರದ ಸಂತೆಯಲ್ಲಿ ಅವನು ಸಿಕ್ಕ. ನನ್ನ ಅಂಗಡಿಯ ಬೋರ್ಡನ್ನು ತಲೆಯೆತ್ತಿ ನೋಡುತ್ತ ನಿಂತಿದ್ದ. ಚಹಾ ತರಿಸಿದೆ. ಕುಡಿದು ಬಟ್ಟಲನ್ನು ಕೆಳಗಿಟ್ಟು ಕೇಳಿದ:

“ಮಾಸ್ತರ, ನೀ ಓದಿದಂವ. ಅವತ್ತ ಎಲ್ಲಿ ತಪ್ಪಿತು ಅಂತ ನಿನಗೇನರ ಹೊಳೀತೇನು? ನಾ ಇನ್ನೂ ಹೊಲದಾಗ ರಂಟಿ ಹೊಡಿಯೂ ಮುಂದ ಆ ಸುತ್ತು ಎಣಸ್ತೀನಿ. ಎಣಿಕಿ ಬರೋಬ್ಬರಿ ಬರ್ತೈತಿ.”

ಬಾಯಿ ತೆರೆದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. “ತಂತಿ ಹಳೇದಿತ್ತು ಬಿಡೋ,” ಎಂದೆ.

“ಇಲ್ಲ,” ಎಂದ. “ಹೊಸಾದ ಇತ್ತು. ನಾನ ತಂದಿದ್ದೆ.” ಟವೆಲು ಜಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದುಹೋದ.

ಆಮೇಲೂ ಅಡರಕಟ್ಟಿಯ ದಾರಿಯಲ್ಲಿ ಹಲವು ಸಲ ಹೋಗಿದ್ದೇನೆ, ಇಳಿಯಲಿಲ್ಲ. ಹೋದ ವರ್ಷ ಅವನು ತೀರಿಕೊಂಡ ಖಬರು ಬಂತು. ಮಣ್ಣಿಗೂ ಹೋಗಲಿಲ್ಲ.

ನಲವತ್ತು ವರ್ಷ ಈ ಕೆಲಸ ಮಾಡಿದೆ. ನನ್ನ ಕೈಯಲ್ಲಿ ಮತ್ತೊಂದು ಯಂತ್ರ ಸುಡಲಿಲ್ಲ, ಯಾರಿಗೂ ಶಾಕ್ ಹೊಡೆಯಲಿಲ್ಲ. ಜನ ಅದನ್ನು ನನ್ನ ಜಾಣತನ ಎಂದರು. ಕೆಲಸ ಕಲಿಸಿದ್ದು ಇಷ್ಟೆ: ಜೋಡಿಸುವವನು ತನ್ನ ಕಣ್ಣಿಗಿಂತ ಹೆಚ್ಚಾಗಿ ನೋಡುವವನ ಬೆರಳನ್ನು ನಂಬಿ ಸ್ವಿಚ್ ಹಾಕುತ್ತಾನೆ. ಆ ಬೆರಳು ಶುದ್ಧ ಇಲ್ಲದಿದ್ದರೆ ಅರ್ಥಿಂಗ್, ಫ್ಯೂಜ್ ಯಾವುದೂ ಕಾಯುವುದಿಲ್ಲ.

ಅವನ ಮನೆಯವರು ಯಾರಾದರೂ ಇದನ್ನು ಓದಿದರೆ ತಿಳಿಯಲಿ. ಆ ಟ್ರಾನ್ಸ್‌ಫಾರ್ಮರಿನ ಒಂದು ಸುತ್ತೂ ತಪ್ಪಿರಲಿಲ್ಲ. ಅದನ್ನು ಸುತ್ತಿದವನು ಅಡರಕಟ್ಟಿಯ ನಿಂಗಪ್ಪನ ಮಗ ಫಕ್ಕೀರಪ್ಪ.